ಪೋಲೀಸರನ್ನು ಕಾಲೇಜಿಗೆ ಕಳುಹಿಸಿದವನು: ಆಗಸ್ಟ್ ವೋಲ್ಮರ್

ಪೋಲೀಸಿನವನಿಗೆ ಓದು ಏತಕ್ಕೆ ಎಂಬ ಪ್ರಶ್ನೆ ಬಹಳ ಹಳೆಯದು. ಕಳ್ಳನನ್ನು ಬೆನ್ನಟ್ಟಲು ಕಾಲಿನಲ್ಲಿ ಬಲವಿದ್ದರಾಯಿತು, ಗಲಭೆಯನ್ನು ಅಡಗಿಸಲು ತೋಳಿನಲ್ಲಿ ಕಸುವಿದ್ದರಾಯಿತು, ಇವೆರಡಕ್ಕೂ ತರ್ಕಶಾಸ್ತ್ರವಾಗಲಿ ಮನಶ್ಶಾಸ್ತ್ರವಾಗಲಿ ಬೇಕಿಲ್ಲ ಎನ್ನುವವರು ಎಲ್ಲ ದೇಶಗಳಲ್ಲಿಯೂ ಇದ್ದರು. ಈಗ ಇಲ್ಲವೆಂದೂ ಹೇಳಲಾಗದು. ನಮ್ಮ ಕಾಲೇಜಿನಂತಹ ಸರ್ಕಾರಿ ಕಲಾ ಕಾಲೇಜುಗಳಿಂದ ಬಿ. ಎ. ಮುಗಿಸಿ ಸಬ್ ಇನ್ಸ್‌ಪೆಕ್ಟರ್ ಪರೀಕ್ಷೆಗೆ ಕುಳಿತುಕೊಳ್ಳುವವರು ಪ್ರತಿವರ್ಷವೂ ಇದ್ದಾರೆ. ಪರೀಕ್ಷೆಯ ದಿನದವರೆಗೆ ಅವರ ಕೈಯಲ್ಲಿ ಪುಸ್ತಕವಿರುತ್ತದೆ. ಖಾಕಿ ತೊಟ್ಟ ಮೇಲೆ ಮತ್ತೆ ಅದನ್ನು ಹಿಡಿಯಬೇಕೆಂದರೆ ಬಿಡುವೆಲ್ಲಿ, ಹಣವೆಲ್ಲಿ, ಮೇಲಧಿಕಾರಿಯ ಒಪ್ಪಿಗೆಯೆಲ್ಲಿ?

ಈ ಮೂರು ತೊಡಕುಗಳನ್ನೂ ತನ್ನ ಒಂದು ಸಣ್ಣ ಊರಿನ ಮಟ್ಟಿಗಾದರೂ ಬಿಡಿಸಿದವನು ಅಮೆರಿಕಾದ ಆಗಸ್ಟ್ ವೋಲ್ಮರ್. ಕರ್ತವ್ಯದಲ್ಲಿರುವ ಪೋಲೀಸರಿಗೆ ಕಾಲೇಜು ವ್ಯಾಸಂಗಕ್ಕೆ ಸರ್ಕಾರವೇ ವೇತನ ಕೊಡುವ ಏರ್ಪಾಟು ಆ ದೇಶದಲ್ಲಿ 1968ರಲ್ಲಿ ಬಂದಿತು. ಅಷ್ಟರಲ್ಲಿ ವೋಲ್ಮರನು ಕಾಲವಾಗಿ ಹದಿಮೂರು ವರ್ಷಗಳಾಗಿದ್ದುವು. ಆದರೂ ಆ ಯೋಜನೆಯ ಬೇರನ್ನು ಹುಡುಕುತ್ತ ಹೋದರೆ ನಾವು ಬಂದು ನಿಲ್ಲುವುದು ಇವನ ಬಾಗಿಲಿಗೇ. ಇಷ್ಟಕ್ಕೂ ಈತ ವಿದ್ಯಾರ್ಥಿಯಾಗಿ ಎಂದೂ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ!

ವೋಲ್ಮರನು ಹುಟ್ಟಿದ್ದು 1876ನೆಯ ಇಸವಿ ಮಾರ್ಚ್ 7ರಂದು, ಲೂಸಿಯಾನಾ ಸಂಸ್ಥಾನದ ನ್ಯೂ ಆರ್ಲಿಯನ್ಸ್ ನಗರದಲ್ಲಿ. ತಂದೆತಾಯಿಗಳು ಜರ್ಮನಿಯಿಂದ ಬಂದು ನೆಲಸಿದವರು. ಹುಡುಗನಿಗೆ ಎಂಟು ವರ್ಷವಾಗಿದ್ದಾಗ ತಂದೆ ತೀರಿಕೊಂಡನು. ತಾಯಿ ಮಕ್ಕಳೊಡನೆ ಕೆಲಕಾಲ ಜರ್ಮನಿಗೆ ಹೋಗಿದ್ದು, ಹಿಂದಿರುಗಿ, ಕೊನೆಗೆ ಪಶ್ಚಿಮ ತೀರದ ಕ್ಯಾಲಿಫೋರ್ನಿಯಾಕ್ಕೆ ಬಂದಳು. ಸಂಸಾರವು ಬರ್ಕ್ಲಿ ಎಂಬ ಊರಿನಲ್ಲಿ ನೆಲೆಯೂರಿತು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಆಚೆ ದಡದಲ್ಲಿ, ಬೆಟ್ಟದ ತಪ್ಪಲಿನಲ್ಲಿರುವ ಈ ಊರಿನಲ್ಲಿಯೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವಿದೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ವೋಲ್ಮರನು ಬೇರೆ ಯಾವ ಊರಿಗಾದರೂ ಹೋಗಿ ಸೇರಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲವೇನೋ.

ಅವನ ಶಾಲೆಯ ಓದು ಚಿಕ್ಕಂದಿನಲ್ಲಿಯೇ ನಿಂತಿತು. ಲೆಕ್ಕ ಬರೆಯುವುದು, ಬೆರಳಚ್ಚು, ಶೀಘ್ರಲಿಪಿ, ಇಷ್ಟನ್ನು ಕಲಿತದ್ದೇ ಅವನ ವಿದ್ಯಾಭ್ಯಾಸದ ಕೊನೆ. ಹತ್ತೊಂಬತ್ತರ ಪ್ರಾಯದ ಹೊತ್ತಿಗೆ ಸ್ನೇಹಿತನೊಬ್ಬನೊಡನೆ ಸೇರಿ ಕಲ್ಲಿದ್ದಲು, ದನಕುದುರೆಗಳ ಮೇವು ಮಾರುವ ಅಂಗಡಿಯಿಟ್ಟನು. ಊರಿನ ಉತ್ತರ ಭಾಗದಲ್ಲಿ ಸ್ವಯಂಸೇವಕರ ಬೆಂಕಿ ಆರಿಸುವ ದಳವನ್ನು ಕಟ್ಟಲು ನೆರವಾದನು. 1898ರಲ್ಲಿ ಅಮೆರಿಕಕ್ಕೂ ಸ್ಪೇನಿಗೂ ಯುದ್ಧ ಹತ್ತಿಕೊಂಡಾಗ ಸೈನ್ಯಕ್ಕೆ ಸೇರಿ ಫಿಲಿಪೀನ್ಸ್ ದ್ವೀಪಗಳಿಗೆ ಹೋದನು. ಮನಿಲಾ ನಗರದ ಮುತ್ತಿಗೆ, ಆಮೇಲೆ ನದಿಗಳಲ್ಲಿ ತೋಪು ಹೊತ್ತ ದೋಣಿಯಲ್ಲಿ ಕಾವಲು. 1899ರಲ್ಲಿ ಹಿಂದಿರುಗಿ ಬಂದು ಅಂಚೆಯವನಾದನು.

ಹೀಗೆ ಮನೆಮನೆಗೆ ಕಾಗದ ಹಂಚುತ್ತ ಇದ್ದುಬಿಡಬಹುದಾಗಿದ್ದ ಮನುಷ್ಯನ ಹಣೆಬರಹವನ್ನು ಒಂದು ಸರಕಿನ ಬಂಡಿ ಬದಲಿಸಿತು. 1904ರಲ್ಲಿ ಒಂದು ದಿನ ರೈಲಿನ ತೆರೆದ ಬಂಡಿಯೊಂದು ಹೇಗೋ ಕೊಂಡಿ ಕಳಚಿಕೊಂಡು ಇಳಿಜಾರಿನಲ್ಲಿ ಉರುಳತೊಡಗಿತು. ಕೆಳಗೆ ನಿಲ್ದಾಣದಲ್ಲಿ ಪ್ರಯಾಣಿಕರು ತುಂಬಿದ ಗಾಡಿ ನಿಂತಿದೆ. ಕಾಗದ ಹಂಚುತ್ತಿದ್ದ ವೋಲ್ಮರನು ಓಡಿಹೋಗಿ ಬಂಡಿಯ ಮೇಲೆ ನೆಗೆದು, ಅದರ ಬ್ರೇಕು ಬಿಗಿದು ನಿಲ್ಲಿಸಿದನು. ಊರೆಲ್ಲ ಅವನ ಹೆಸರು ಹೇಳಿತು. ಅಲ್ಲಿಯ ಪತ್ರಿಕೆಯ ಸಂಪಾದಕನಾಗಿದ್ದ ಫ್ರೆಂಡ್ ರಿಚರ್ಡ್‌ಸನ್ (ಮುಂದೆ ಈತನೇ ಕ್ಯಾಲಿಫೋರ್ನಿಯಾದ ಗವರ್ನರನಾದನು) ವೋಲ್ಮರನನ್ನು ಹಿಡಿದು ಮಾರ್ಷಲ್ ಹುದ್ದೆಯ ಚುನಾವಣೆಗೆ ನಿಲ್ಲಿಸಿದನು. ಆ ಕಾಲದಲ್ಲಿ ಊರಿನ ಪೋಲೀಸು ಮುಖ್ಯಸ್ಥನಿಗೆ ಮಾರ್ಷಲ್ ಎಂದು ಹೆಸರು. ಅವನನ್ನು ಊರ ಜನರೇ ಮತ ಹಾಕಿ ಆರಿಸುತ್ತಿದ್ದರು. 1905ರ ಏಪ್ರಿಲ್‌ನಲ್ಲಿ ವೋಲ್ಮರನು ಭಾರಿ ಬಹುಮತದಿಂದ ಗೆದ್ದನು. ಅವನಿಗಾಗ 29 ವರ್ಷ. ಪೋಲೀಸು ಕೆಲಸದ ಗಂಧಗಾಳಿ ಇರಲಿಲ್ಲ.

ಗಂಧಗಾಳಿ ಇಲ್ಲದ್ದೇ ಒಳ್ಳೆಯದಾಯಿತೆಂದು ನನಗೆ ತೋರುತ್ತದೆ. ಹಳಬರಿಂದ ಕಲಿತಿದ್ದರೆ ಹಳೆಯ ದಾರಿಯಲ್ಲೇ ನಡೆಯುತ್ತಿದ್ದನು. ಆಗಿನ ಅಮೆರಿಕಾದ ನಗರಗಳಲ್ಲಿ ಪೋಲೀಸು ನೌಕರಿಯೆಂದರೆ ರಾಜಕೀಯ ಪಕ್ಷದವರು ತಮ್ಮ ಕಡೆಯವರಿಗೆ ಹಂಚುವ ಪ್ರಸಾದವಾಗಿತ್ತು. ತರಬೇತಿಯೆಂಬುದೇ ಇರಲಿಲ್ಲ. ಕೈಗೆ ಒಂದು ದೊಣ್ಣೆ, ಎದೆಗೆ ಒಂದು ಬಿಲ್ಲೆ; ಇಂದು ಅಂಗಡಿಯಲ್ಲಿದ್ದವನು ನಾಳೆ ಬೀಟಿನಲ್ಲಿ. ಆರೋಪಿ ಬಾಯಿ ಬಿಡದಿದ್ದರೆ ಹೊಡೆದು ಬಿಡಿಸುವುದು ಸಾಮಾನ್ಯವಾಗಿತ್ತು. ವೋಲ್ಮರನು ಇದನ್ನು ಮೊದಲಿನಿಂದಲೂ ಒಪ್ಪಲಿಲ್ಲ. ತನ್ನ ಕೈಕೆಳಗಿನವರು ಲಂಚ ಮುಟ್ಟುವುದನ್ನೂ, ಕೈ ಎತ್ತುವುದನ್ನೂ ನಿಷೇಧಿಸಿದನು. ಪೇದೆಗಳಿಗೆ ಬೈಸಿಕಲ್ ಕೊಡಿಸಿದನು. ಬೀದಿಯ ಕೂಡುದಾರಿಗಳಲ್ಲಿ ಕೆಂಪು ದೀಪಗಳನ್ನು ತೂಗುಹಾಕಿಸಿದನು. ಠಾಣೆಯಿಂದ ಗುಂಡಿ ಒತ್ತಿದರೆ ದೀಪ ಮಿನುಗುವುದು, ಕಂಡ ಪೇದೆಯು ಹತ್ತಿರದ ದೂರವಾಣಿಯಿಂದ ಠಾಣೆಯನ್ನು ಮಾತನಾಡಿಸುವನು. ಅನಂತರ ಮೋಟಾರು ಸೈಕಲ್ಲು, ಕಾರು, ಎಲ್ಲ ಬಂದುವು. ಈ ಯಂತ್ರಗಳ ಕಥೆಯನ್ನು ಬೆಳೆಸಲು ನನಗೆ ಆಸೆಯಿಲ್ಲ. ಇವು ಹೇಗೂ ಒಂದಲ್ಲ ಒಂದು ದಿನ ಬರುತ್ತಿದ್ದುವು.

ಮುಖ್ಯವಾದದ್ದು 1907ರಲ್ಲಿ ನಡೆದ ಒಂದು ಪ್ರಸಂಗ. ಊರಿನಲ್ಲಿ ಒಬ್ಬ ಮನುಷ್ಯ ವಿಷದಿಂದ ಸತ್ತಿದ್ದನು. ಆತ್ಮಹತ್ಯೆಯೋ ಕೊಲೆಯೋ ಎಂಬ ಸಂದೇಹ. ವೋಲ್ಮರನಿಗೆ ಕೊಲೆಯೆಂದೇ ಅನ್ನಿಸಿತು, ಆದರೆ ಅನ್ನಿಸಿದ್ದನ್ನು ಸಿದ್ಧಪಡಿಸುವುದು ಹೇಗೆ? ಅವನು ನೇರವಾಗಿ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಜೀವವಿಜ್ಞಾನದಲ್ಲಿ ಲೋಕಪ್ರಸಿದ್ಧನಾಗಿದ್ದ ಪ್ರೊಫೆಸರ್ ಜಾಕ್ ಲೋಬ್‌ನ ನೆರವು ಕೇಳಿದನು. ವಿಚಾರಣೆಯ ಪಂಚರು ಕೊನೆಗೆ ಆತ್ಮಹತ್ಯೆಯೆಂದೇ ತೀರ್ಮಾನಿಸಿದರು. ವೋಲ್ಮರನಿಗೆ ಸೋಲಾಯಿತು. ಆದರೆ ಆ ಸೋಲಿನಲ್ಲಿ ತನ್ನ ಅಜ್ಞಾನವೆಷ್ಟೆಂಬುದನ್ನು ಅವನು ಕಂಡನು. ಸಾಕ್ಷ್ಯವನ್ನು ಹೇಗೆ ಕಾಪಾಡಬೇಕು, ವಿಷ ದೇಹದಲ್ಲಿ ಏನು ಮಾಡುತ್ತದೆ, ನ್ಯಾಯಾಲಯ ಯಾವುದನ್ನು ಒಪ್ಪುತ್ತದೆ, ಇವು ಯಾವುವೂ ಅವನಿಗಾಗಲಿ ಅವನ ಜನಕ್ಕಾಗಲಿ ತಿಳಿದಿರಲಿಲ್ಲ. ಅಂದಿನಿಂದ ಅವನಿಗೆ ಓದಿನ ಹುಚ್ಚು ಹಿಡಿಯಿತು. ಯೂರೋಪಿನಲ್ಲಿ ಅಪರಾಧವನ್ನು ಶಾಸ್ತ್ರದ ವಿಷಯವಾಗಿ ಮಾಡಿದ್ದ ಹಾನ್ಸ್ ಗ್ರೋಸ್ ಮೊದಲಾದವರ ಗ್ರಂಥಗಳನ್ನು ತರಿಸಿ ಓದಿದನು. ತಾನು ಓದಿದ್ದರಿಂದಲೇ ಸಾಲದು, ಬೀಟಿನಲ್ಲಿರುವವನೂ ಓದಬೇಕು ಎಂದು ಹಟ ಹಿಡಿದನು.

1908ರಲ್ಲಿ ಬರ್ಕ್ಲಿಯಲ್ಲಿ ಪೋಲೀಸು ಶಾಲೆ ಹುಟ್ಟಿತು. ದೊಡ್ಡ ಕಟ್ಟಡವಿಲ್ಲ, ಅನುದಾನವಿಲ್ಲ. ಪಾಳಿ ಮುಗಿಸಿದ ಪೇದೆಗಳು ತಮ್ಮ ಬಿಡುವಿನ ವೇಳೆಯಲ್ಲಿ ಬಂದು ಕುಳಿತು ಕಲಿಯಬೇಕು. ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು ಬಂದು ಪಾಠ ಹೇಳುವರು. ನ್ಯಾಯಶಾಸ್ತ್ರದ ಪ್ರೊಫೆಸರ್ ಕಿಡ್ ಸಾಕ್ಷ್ಯದ ಕಾನೂನನ್ನು ಬೋಧಿಸಿದನು. ಬೆರಳ ಗುರುತು, ಛಾಯಾಚಿತ್ರ, ಪ್ರಥಮ ಚಿಕಿತ್ಸೆ, ಜನಾರೋಗ್ಯ ಮುಂತಾದವು ಬೇರೆ. ರಾತ್ರಿಯೆಲ್ಲ ಬೀದಿ ಸುತ್ತಿದವನು ಬೆಳಗ್ಗೆ ಕಾನೂನಿನ ಪಾಠದಲ್ಲಿ ತೂಕಡಿಸದೆ ಕುಳಿತಿದ್ದನೆಂದರೆ ನಾನು ನಂಬಲಾರೆ. ಆದರೂ ಶಾಲೆ ಮುಚ್ಚಲಿಲ್ಲ, ಬೆಳೆಯಿತು. 1916ರಲ್ಲಿ ವಿಶ್ವವಿದ್ಯಾನಿಲಯವೇ ತನ್ನ ಬೇಸಗೆಯ ತರಗತಿಗಳಲ್ಲಿ ಅಪರಾಧಶಾಸ್ತ್ರವನ್ನು ಸೇರಿಸಿತು. ಪಾಠ ಹೇಳಿದವರು ಕಿಡ್ ಮತ್ತು ವೋಲ್ಮರ್. ಅಂಚೆ ಹಂಚಿದ್ದ ಕೈ ಕಪ್ಪು ಹಲಗೆಯ ಮೇಲೆ ಬರೆಯತೊಡಗಿತು. ನಡುವೆ 1909ರಲ್ಲಿ ಊರಿನ ಆಡಳಿತ ಬದಲಾಗಿ ಮಾರ್ಷಲ್ ಹುದ್ದೆ ಹೋಗಿತ್ತು, ವೋಲ್ಮರನು ಬರ್ಕ್ಲಿಯ ಮೊದಲ ಪೋಲೀಸು ಮುಖ್ಯಾಧಿಕಾರಿಯಾಗಿ ನೇಮಕಗೊಂಡಿದ್ದನು.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಅವನು ತನ್ನ ಯೋಚನೆಯನ್ನು ತಿರುವುಮುರುವು ಮಾಡಿದನು. ಪೋಲೀಸರನ್ನು ವಿದ್ಯಾರ್ಥಿಗಳನ್ನಾಗಿ ಮಾಡಿದ್ದಾಯಿತು, ವಿದ್ಯಾರ್ಥಿಗಳನ್ನೇ ಪೋಲೀಸರನ್ನಾಗಿ ಏಕೆ ಮಾಡಬಾರದು? 1919ರಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ದಿನಪತ್ರಿಕೆಯಲ್ಲಿ ಒಂದು ಜಾಹೀರಾತು ಪ್ರಕಟವಾಯಿತು: ಓದುತ್ತಿರುವಾಗಲೇ ಪೋಲೀಸು ನೌಕರಿ ಬೇಕಾದವರು ಅರ್ಜಿ ಹಾಕಿಕೊಳ್ಳಬಹುದು ಎಂದು ಅದರ ಸಾರಾಂಶ. ಅರ್ಜಿಗಳು ಬಂದುವು. ಅಭ್ಯರ್ಥಿಗಳನ್ನು ಸೈನ್ಯದಲ್ಲಿ ಬಳಸುತ್ತಿದ್ದ ಬುದ್ಧಿಪರೀಕ್ಷೆಯಿಂದ ಅಳೆದು ಆರಿಸಿದರು. ಅಂತಹ ಪರೀಕ್ಷೆಗಳು ಬುದ್ಧಿಯನ್ನು ಅಳೆಯುವವೋ, ಹುಟ್ಟಿ ಬೆಳೆದ ಮನೆಯ ಅನುಕೂಲವನ್ನು ಅಳೆಯುವವೋ ಎಂಬ ಅನುಮಾನ ಈಚೆಗೆ ಬಲವಾಗಿದೆ. ಆಗ ಅದು ಯಾರಿಗೂ ಹೊಳೆಯಲಿಲ್ಲ. ಹೊರ ಊರುಗಳ ಪೋಲೀಸರೂ ಪತ್ರಿಕೆಗಳೂ ಈ ಕಾಲೇಜು ಪೋಲೀಸರನ್ನು ನೋಡಿ ನಕ್ಕುವು. ಪುಸ್ತಕದ ಹುಳುಗಳು ಕಳ್ಳರನ್ನು ಹಿಡಿಯುವರಂತೆ!

ಈ ಏರ್ಪಾಟಿನಲ್ಲಿ ವಿದ್ಯಾರ್ಥಿವೇತನವೆಂಬ ಮಾತು ಎಲ್ಲಿಯೂ ಇರಲಿಲ್ಲ. ಯಾರಿಗೂ ದತ್ತಿಯ ಹಣ ಸಿಕ್ಕಲಿಲ್ಲ. ಸಿಕ್ಕಿದ್ದು ಪೇದೆಯ ಸಂಬಳ. ಅದರ ಜೊತೆಗೆ, ಹಗಲು ತರಗತಿಗೆ ಹೋಗುವುದಕ್ಕೆ ಅಡ್ಡಿಯಾಗದ ರಾತ್ರಿಯ ಪಾಳಿ, ಮತ್ತು ಓದುವುದನ್ನು ಕಂಡು ಹುಬ್ಬು ಗಂಟಿಕ್ಕದ ಒಬ್ಬ ಮೇಲಧಿಕಾರಿ. ದುಡಿಯುತ್ತ ಓದುವವನಿಗೆ ಹಣದಷ್ಟೇ ಬೆಲೆಯುಳ್ಳದ್ದು ಪಾಳಿಯ ಪಟ್ಟಿ ಎಂಬುದು ನಮ್ಮಲ್ಲಿಯೂ ಕೆಲಸ ಮಾಡಿಕೊಂಡು ಬಿ. ಎ. ಓದುತ್ತಿರುವವರಿಗೆ ಚೆನ್ನಾಗಿ ಗೊತ್ತು. ಶುಲ್ಕ ಕಟ್ಟಲು ಸಾಲ ಸಿಕ್ಕೀತು. ಪರೀಕ್ಷೆಯ ದಿನ ಬೆಳಗಿನ ಪಾಳಿ ಬಿದ್ದರೆ ಏನು ಮಾಡುವುದು?

ಈ ಬಾಗಿಲಿನಿಂದ ಒಳಗೆ ಬಂದವರಲ್ಲಿ ಮೂವರ ಮಾತನ್ನು ಹೇಳಲೇಬೇಕು. ಜಾನ್ ಲಾರ್ಸನ್ ಎಂಬವನು 1920ರಲ್ಲಿ ಶರೀರಕ್ರಿಯಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬರ್ಕ್ಲಿಯ ಬೀದಿಗಳಲ್ಲಿ ಬೀಟು ತಿರುಗಿದನು. ಮರುವರ್ಷವೇ ರಕ್ತದ ಒತ್ತಡ, ಉಸಿರಾಟಗಳನ್ನು ಒಟ್ಟಿಗೆ ಗುರುತಿಸುವ ಯಂತ್ರವನ್ನು ಕಟ್ಟಿದನು. ಸುಳ್ಳು ಕಂಡುಹಿಡಿಯುವ ಯಂತ್ರವೆಂದು ಜಗತ್ತಿಗೆಲ್ಲ ಗೊತ್ತಾದದ್ದು ಅದೇ. ಹೊಡೆಯುವುದನ್ನು ಬಿಡಿಸಬೇಕೆಂದು ವೋಲ್ಮರನು ಆ ಯಂತ್ರವನ್ನು ಪ್ರೋತ್ಸಾಹಿಸಿದ್ದನು. ಅದೂ ಆರೋಪಿಯನ್ನು ಹೆದರಿಸುವ ಸಾಧನವಾದಾಗ ಲಾರ್ಸನ್ನನೇ ಮುಂದೆ ಅದಕ್ಕಾಗಿ ಕೊರಗಿದನು. ಎರಡನೆಯವನು ಒ. ಡಬ್ಲ್ಯು. ವಿಲ್ಸನ್. ಓದುತ್ತಿದ್ದಾಗ 1921ರಲ್ಲಿ ಪೇದೆಯಾದನು. ಮುಂದೆ ಕ್ಯಾನ್ಸಾಸಿನ ವಿಚಿಟಾ ನಗರದ ಪೋಲೀಸು ಮುಖ್ಯಸ್ಥ, ಬರ್ಕ್ಲಿಯ ಅಪರಾಧಶಾಸ್ತ್ರ ವಿಭಾಗದ ಡೀನ್, ಕೊನೆಗೆ 1960ರಿಂದ 1967ರವರೆಗೆ ಶಿಕಾಗೋ ನಗರದ ಪೋಲೀಸಿಗೇ ಮೇಲಧಿಕಾರಿ.

ಮೂರನೆಯವನು ವಾಲ್ಟರ್ ಗಾರ್ಡನ್. ನೀಗ್ರೋ ಎಂದು ಆ ಕಾಲದವರು ಕರೆಯುತ್ತಿದ್ದ ಕರಿಯ ಜನಾಂಗದವನು. ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡದಲ್ಲಿ ದೇಶಕ್ಕೆಲ್ಲ ಹೆಸರಾದ ಆಟಗಾರ. 1919ರಲ್ಲಿ ವೋಲ್ಮರನು ಅವನನ್ನು ನೇಮಿಸಿದಾಗ ಬಿಳಿಯ ಪೇದೆಗಳಲ್ಲಿ ಕೆಲವರು ಅವನೊಡನೆ ಕೆಲಸ ಮಾಡಲಾರೆವೆಂದು ಬಂದು ನಿಂತರಂತೆ. ಹಾಗಿದ್ದರೆ ಬಿಲ್ಲೆಗಳನ್ನು ಮೇಜಿನ ಮೇಲಿಟ್ಟು ಹೋಗಬಹುದೆಂದು ವೋಲ್ಮರನು ತಿಳಿಸಿದನಂತೆ. ಗಾರ್ಡನ್ ಉಳಿದನು. ರಾತ್ರಿ ಬೀಟು, ಹಗಲು ಕಾನೂನು ಕಾಲೇಜು. ಬಿಡುವು ಸಿಕ್ಕಿದಾಗ ಫುಟ್‌ಬಾಲ್ ತಂಡಕ್ಕೆ ತರಬೇತಿ. 1922ರಲ್ಲಿ ಕಾನೂನು ಪದವಿ ಪಡೆದನು. ಆ ಕಾನೂನು ಶಾಲೆಯಿಂದ ಪದವಿ ಪಡೆದ ಮೊದಲ ಕರಿಯನು ಅವನೇ. 1955ರಲ್ಲಿ ವರ್ಜಿನ್ ದ್ವೀಪಗಳ ಗವರ್ನರ್, 1958ರಲ್ಲಿ ಅಲ್ಲಿಯ ಸಂಯುಕ್ತ ನ್ಯಾಯಾಲಯದ ನ್ಯಾಯಾಧೀಶ. ವೋಲ್ಮರನು ಮಾಡಿದ ಕೆಲಸಗಳಲ್ಲೆಲ್ಲ ನನಗೆ ಇದೊಂದೇ ಸಾಕೆನ್ನಿಸುತ್ತದೆ. ಬಡ ಹುಡುಗನೊಬ್ಬನಿಗೆ ಪಾಳಿಯ ಪಟ್ಟಿಯೇ ವಿದ್ಯಾರ್ಥಿವೇತನವಾಯಿತು.

ಠಾಣೆಯಲ್ಲಿ ಶುಕ್ರವಾರಗಳಂದು ಒಂದು ಸಭೆ ಸೇರುತ್ತಿತ್ತು. ಅದಕ್ಕೆ ಏಡಿಗಳ ಕೂಟವೆಂದು ಹೆಸರು. ಏಡಿ ಎಂಬುದಕ್ಕಿರುವ ಇಂಗ್ಲಿಷ್ ಶಬ್ದಕ್ಕೆ ಗೊಣಗುವುದು ಎಂಬ ಅರ್ಥವೂ ಉಂಟು. ಅಲ್ಲಿ ಯಾವ ಪೇದೆಯಾದರೂ ಯಾರ ತಪ್ಪನ್ನಾದರೂ, ಮುಖ್ಯಾಧಿಕಾರಿಯ ತಪ್ಪನ್ನೇ ಆದರೂ, ಎದ್ದು ಹೇಳಬಹುದು. ಅಲ್ಲಿ ಆಡಿದ ಮಾತು ಅಲ್ಲಿಯೇ ಮುಗಿಯಬೇಕು. ಓದಿದವನನ್ನು ಇಲಾಖೆಗೆ ಸೇರಿಸಿಕೊಂಡ ಮೇಲೆ ಅವನ ಪ್ರಶ್ನೆಗಳನ್ನೂ ಸಹಿಸಬೇಕಾಗುತ್ತದೆ ಎಂಬುದನ್ನು ವೋಲ್ಮರನು ಅರಿತಿದ್ದನೆಂಬುದಕ್ಕೆ ಇದೊಂದು ಸಾಕ್ಷಿ.

ಅವನ ಕೀರ್ತಿ ಹರಡಿತು. 1923ರಲ್ಲಿ ಲಾಸ್ ಏಂಜಲಿಸ್ ನಗರದವರು ಅವನನ್ನು ಒಂದು ವರ್ಷದ ಮಟ್ಟಿಗೆ ಕರೆಸಿಕೊಂಡರು. ಅಲ್ಲಿಯ ಜೂಜುಕೋರರೂ ರಾಜಕಾರಣಿಗಳೂ ಅವನನ್ನು ನಿಲ್ಲಗೊಡಲಿಲ್ಲ. ವರ್ಷ ತುಂಬಿದೊಡನೆ ಬರ್ಕ್ಲಿಗೆ ಮರಳಿದನು. 1929ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯವು ಅವನನ್ನು ಪೋಲೀಸು ಆಡಳಿತದ ಪ್ರಾಧ್ಯಾಪಕನನ್ನಾಗಿ ನೇಮಿಸಿತು. 1931ರಲ್ಲಿ ಬರ್ಕ್ಲಿಯಲ್ಲಿಯೂ ಅದೇ ಪೀಠ. ಅಮೆರಿಕಾ ಅಧ್ಯಕ್ಷ ಹೂವರನು ನೇಮಿಸಿದ ವಿಕರ್‌ಷ್ಯಾಮ್ ಆಯೋಗಕ್ಕಾಗಿ ಪೋಲೀಸು ವ್ಯವಸ್ಥೆಯ ಮೇಲಿನ ವರದಿಯನ್ನು ಸಿದ್ಧಪಡಿಸಿದವನೂ ಅವನೇ. 1932ರಲ್ಲಿ ಇಲಾಖೆಯಿಂದ ನಿವೃತ್ತನಾದನು. ಅದಕ್ಕೆ ಮೊದಲು, 1930ರಲ್ಲಿ, ಹತ್ತಿರದ ಸ್ಯಾನ್ ಹೋಸೆ ನಗರದ ಸರ್ಕಾರಿ ಕಾಲೇಜಿನಲ್ಲಿ ಪೋಲೀಸು ಶಿಕ್ಷಣದ ತರಗತಿ ತೆರೆಯಲು ನೆರವಾಗಿದ್ದನು.

ಅವನನ್ನು ದೇವರನ್ನಾಗಿ ಮಾಡುವ ಆಸೆ ನನಗಿಲ್ಲ. ಫಿಲಿಪೀನ್ಸ್ ಜನರನ್ನು ಅಡಗಿಸಿದ ಯುದ್ಧದಲ್ಲಿ ಕಲಿತ ಸೈನಿಕ ಪದ್ಧತಿಗಳನ್ನೇ ಊರಿನ ಪೋಲೀಸಿಗೆ ತಂದನೆಂದು ಈಚಿನ ಇತಿಹಾಸಕಾರರು ತೋರಿಸಿದ್ದಾರೆ. ಆ ಮಾತಿನಲ್ಲಿ ಸತ್ಯವಿದೆ. ಆದರೆ ಬಂದೂಕು ಹಿಡಿದು ಬಂದವರೆಲ್ಲ ಪ್ರೊಫೆಸರನನ್ನು ಹುಡುಕಿಕೊಂಡು ಹೋಗಲಿಲ್ಲ.

ಕೊನೆಯ ದಿನಗಳು ಕಷ್ಟದವು. 1946ರಲ್ಲಿ ಹೆಂಡತಿ ತೀರಿಕೊಂಡಳು. ಮಕ್ಕಳಿರಲಿಲ್ಲ. ಕೈಕಾಲು ನಡುಗುವ ರೋಗ ಮೈಯನ್ನು ಹಿಡಿಯಿತು. 1955ರ ನವೆಂಬರ್ 4ರಂದು, 79ನೆಯ ವಯಸ್ಸಿನಲ್ಲಿ, ಅವನು ತನ್ನ ಬಾಳನ್ನು ತಾನೇ ಮುಗಿಸಿಕೊಂಡನು. ದೇಹವನ್ನು ವೈದ್ಯಕೀಯ ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ಬಿಟ್ಟುಕೊಟ್ಟಿದ್ದನು.

ಇನ್ನು ಮೊದಲು ಹೇಳಿದ 1968ರ ಮಾತು. ಆ ದಶಕದಲ್ಲಿ ಅಮೆರಿಕಾದ ನಗರಗಳು ಗಲಭೆಗಳಿಂದ ಹೊತ್ತಿ ಉರಿಯುತ್ತಿದ್ದುವು. ಅಧ್ಯಕ್ಷ ಜಾನ್ಸನ್ ನೇಮಿಸಿದ್ದ ಆಯೋಗವು 1967ರಲ್ಲಿ, ಕಾಲಕ್ರಮದಲ್ಲಿ ಪ್ರತಿಯೊಬ್ಬ ಪೋಲೀಸನೂ ಪದವೀಧರನಾಗಬೇಕೆಂದು ಸೂಚಿಸಿತು. ಮರುವರ್ಷ ಬಂದ ಕಾನೂನಿನ ಪ್ರಕಾರ ಕರ್ತವ್ಯದಲ್ಲಿರುವ ಪೋಲೀಸನು ಕಾಲೇಜು ಸೇರಿದರೆ ಆರು ತಿಂಗಳ ಅವಧಿಗೆ 300 ಡಾಲರುಗಳವರೆಗೆ ಶುಲ್ಕ ಮತ್ತು ಪುಸ್ತಕಗಳ ವೆಚ್ಚ ಸಿಕ್ಕುವುದು. ಓದು ಮುಗಿದ ಮೇಲೆ ಎರಡು ವರ್ಷ ಕೆಲಸ ಬಿಡಬಾರದು. ಪೂರ್ಣಕಾಲ ಓದುವವರಿಗೆ ವರ್ಷಕ್ಕೆ 1,800 ಡಾಲರುಗಳವರೆಗೆ ಸಾಲ. ಇಲಾಖೆಯಲ್ಲಿ ದುಡಿದ ಒಂದೊಂದು ವರ್ಷಕ್ಕೆ ಕಾಲುಭಾಗ ಮನ್ನಾ. ಹಣ ಹೊಳೆಯಾಗಿ ಹರಿಯಿತು. ಹಣ ಹರಿಯುವ ಕಡೆ ಕಾಲೇಜುಗಳು ಅಣಬೆಗಳಂತೆ ಏಳುವುದು ನಾವು ಕಾಣದ ಸಂಗತಿಯೇನಲ್ಲ. ನಿವೃತ್ತ ಪೋಲೀಸರೇ ಗುರುಗಳಾಗಿ, ಠಾಣೆಯಲ್ಲಿ ಕಲಿಯಬಹುದಾದದ್ದನ್ನೇ ಕಾಲೇಜಿನಲ್ಲಿ ಹೇಳಿಕೊಟ್ಟು ಪದವಿ ಹಂಚಿದ ಕಡೆಗಳೂ ಇದ್ದುವು. 1978ರಲ್ಲಿ ಈ ಶಿಕ್ಷಣವನ್ನು ಪರಿಶೀಲಿಸಿದ ಒಂದು ರಾಷ್ಟ್ರೀಯ ಸಮಿತಿಯು ಇದನ್ನು ಕಟುವಾಗಿ ಟೀಕಿಸಿ, ಪೋಲೀಸನಿಗೆ ಬೇಕಾದದ್ದು ಇತಿಹಾಸ, ಸಾಹಿತ್ಯ, ಸಮಾಜಶಾಸ್ತ್ರಗಳುಳ್ಳ ವಿಶಾಲವಾದ ಕಲಾ ಶಿಕ್ಷಣವೆಂದು ಹೇಳಿತು. ನಮ್ಮ ಕಾಲೇಜಿನ ಅಧ್ಯಾಪಕರಿಗೆ ಈ ಮಾತು ಹಿತವಾಗಿ ಕೇಳಿಸೀತು. ಆ ವಿದ್ಯಾರ್ಥಿವೇತನ 1980ರ ದಶಕದ ಆರಂಭದಲ್ಲಿ ನಿಂತುಹೋಯಿತು. ವೋಲ್ಮರನು ಬೀಜ ಬಿತ್ತಿದ್ದ ಬರ್ಕ್ಲಿಯ ಅಪರಾಧಶಾಸ್ತ್ರ ಶಾಲೆಯಂತೂ 1976ರಲ್ಲಿಯೇ ಮುಚ್ಚಿತ್ತು.

ಬರ್ಕ್ಲಿಯ ಹಿಂದಿನ ಬೆಟ್ಟಸಾಲಿನಲ್ಲಿ ಬೋಳುಗುಡ್ಡವೆಂದು ಹೆಸರಿದ್ದ ಒಂದು ಶಿಖರಕ್ಕೆ ವೋಲ್ಮರನ ಹೆಸರಿಟ್ಟಿದ್ದಾರೆ. ಅದರ ಎತ್ತರ 1,905 ಅಡಿ. ಅವನು ಮಾರ್ಷಲನಾದ ಇಸವಿಯೂ ಅದೇ.